ಕಾವಲು ತಪ್ಪಿದ ಉಸಿರು

ಕೆಂಪು ಟೋಪಿ ಮಾತ್ರ ನೀರಿನ ಮೇಲೆ ತೇಲುತ್ತಿತ್ತು. ಟೋಪಿ ಹಾಕಿಕೊಂಡಿದ್ದ ಹುಡುಗಿ ಕಾಣಲಿಲ್ಲ.

ಈಜುಕೊಳದ ಆಳದ ಕಡೆ ಕಾವಲಿಗೆ ನಿಂತಿದ್ದ ಸೀಟಿ ಅಕ್ಕ ಅದನ್ನು ಕಂಡದ್ದೇ ತಡ, ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಬಾಯಿಗಿಟ್ಟು ಊದಿದಳು. ಸದ್ದು ಬರಲಿಲ್ಲ, ಬರೀ ಗಾಳಿ ಬಂತು. ಇನ್ನೊಮ್ಮೆ ಊದುತ್ತ ಕೂರುವ ಹೊತ್ತಲ್ಲ ಅದು. ಹಾಗೇ ಧುಮುಕಿಬಿಟ್ಟಳು.

ಹುಡುಗಿ ತಳದ ಟೈಲ್ಸಿನ ಮೇಲೆ, ಯಾರೋ ಕೂರಿಸಿದ ಹಾಗೆ ಕೂತಿದ್ದಳು. ಕೂದಲು ಬಿಚ್ಚಿಕೊಂಡು ಮೇಲಕ್ಕೆ ಹರಡಿತ್ತು. ಅಕ್ಕ ಕಂಕುಳಿಗೆ ಕೈಹಾಕಿ ಎತ್ತಿ, ತಳಕ್ಕೆ ಒಂದು ಒದೆ ಕೊಟ್ಟಳು. ವರ್ಷಗಟ್ಟಲೆ ಮಾಡಿ ಮಾಡಿ ಮೈಗೆ ಹತ್ತಿದ ಕೆಲಸ ಅದು. ಆದರೆ ಅರ್ಧ ದಾರಿಯಲ್ಲೇ ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದ ಹಾಗಾಯಿತು. ಕಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಕುಣಿದವು. ಇವಳನ್ನು ಮೇಲೆ ತಳ್ಳಿದರೆ ಸಾಕು, ಆಮೇಲೆ ನನಗೇನಾದರೂ ಆಗಲಿ ಅಂದುಕೊಂಡು ಎರಡೂ ಕೈಯಿಂದ ಮಗುವನ್ನು ಮೇಲೆತ್ತಿ ಹಿಡಿದಳು. ದಡದಿಂದ ಯಾರದೋ ಕೈ ಬಂದು ಎಳೆದುಕೊಂಡಿತು.

ಹುಡುಗಿ ಕೆಮ್ಮಿದಳು, ನೀರು ಕಕ್ಕಿದಳು, ಆಮೇಲೆ ಚಾವಣಿ ಹಾರಿಹೋಗುವ ಹಾಗೆ ಅತ್ತಳು. ಆ ಅಳು ಕೇಳಿ ಎಲ್ಲರಿಗೂ ಹೋದ ಜೀವ ಬಂತು. ಟವೆಲ್ ತಂದವರು ಯಾರೋ, ಬೆನ್ನು ಸವರಿದವರು ಯಾರೋ. ಎಲ್ಲರೂ ಅತ್ತಲೇ ಓಡಿದ್ದರು.

ಸೀಟಿ ಅಕ್ಕ ಏಣಿಯ ಕಂಬಿ ಹಿಡಿದು ನೀರಿನಲ್ಲೇ ನೇತಾಡುತ್ತಿದ್ದಳು. ಮೆಟ್ಟಿಲು ಹತ್ತೋಣವೆಂದರೆ ಕಾಲು ಮೇಲೇಳಲಿಲ್ಲ. ವಿಚಿತ್ರವೆಂದರೆ, ಉಸಿರು ಒಳಗೆ ಹೋಗುತ್ತಿತ್ತು. ಹೋದ ಉಸಿರು ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಎದೆ ತುಂಬ ಹಳೇ ಗಾಳಿ ಕೂತುಬಿಟ್ಟಿತ್ತು. ಹೊಸದಕ್ಕೆ ಜಾಗವೇ ಇರಲಿಲ್ಲ. ಕೂಗೋಣವೆಂದರೆ ಬಾಯಿಂದ ಮಾತು ಹೊರಡಲಿಲ್ಲ.

ಕೊನೆಗೆ ನೆಲ ಒರೆಸುವ ಹೆಂಗಸು ನೋಡಿದಳು. "ಅಯ್ಯೋ, ಬನ್ರೀ ಈ ಕಡೆ! ಅಕ್ಕನ ತುಟಿ ನೀಲಿಗಟ್ಟಿದೆ!"

ಅವಳನ್ನು ಸೀಟಿ ಅಕ್ಕ ಎಂದು ಮೊದಲು ಕರೆದದ್ದು ಯಾವ ಮಗುವೋ ಯಾರಿಗೂ ನೆನಪಿಲ್ಲ. ಆ ಊರಿನ ಸಾರ್ವಜನಿಕ ಈಜುಕೊಳದಲ್ಲಿ ನೀರಿಗೆ ಹೆದರುವ ಮಕ್ಕಳನ್ನೆಲ್ಲ ಅವಳ ಕೈಗೇ ಒಪ್ಪಿಸುತ್ತಿದ್ದರು. ಮೊದಲ ವಾರ ಅವಳ ಕತ್ತಿಗೆ ಜೋತುಬಿದ್ದು ಗೋಳಾಡಿದ ಮಗು ಬೇಸಿಗೆ ಮುಗಿಯುವ ಹೊತ್ತಿಗೆ 'ಇನ್ನೊಂದು ಸಲ, ಇನ್ನೊಂದು ಸಲ' ಎಂದು ಪ್ರಾಣ ತಿನ್ನುತ್ತಿತ್ತು. ಮದುವೆಯಾಗಿರಲಿಲ್ಲ. ಈಜುಕೊಳದ ಹಿಂದಿನ ಬೀದಿಯಲ್ಲಿ ತಾಯಿಯ ಜೊತೆ ಎರಡು ಕೋಣೆಯ ಮನೆ. ಸಿಗರೇಟಿನ ವಾಸನೆ ಕಂಡರೆ ಮೈಲಿ ದೂರ. ಆದರೂ ಕೆಲವು ವರ್ಷಗಳಿಂದ ಏದುಸಿರು ಅವಳ ಬೆನ್ನುಹತ್ತಿತ್ತು. ಮೂಲೆಯ ಕ್ಲಿನಿಕ್ಕಿನವರು ಅಸ್ತಮಾ ಎಂದು ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ಈಜುಕೊಳದ ಕ್ಲೋರಿನ್ ವಾಸನೆಗೆ ಹೀಗಾಗುತ್ತದೆ ಎಂದು ಅವಳೂ ಸಮಾಧಾನ ಮಾಡಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು, ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನಾಟಕ ಕಲಿತಿದ್ದಳು. ಅಷ್ಟರಲ್ಲಿ ಉಸಿರು ಹದಕ್ಕೆ ಬರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಸಲ ನಾಟಕ ನಡೆಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಕೊಳವೆಯೊಳಗೆ ಊದಿಸಿದರು, ರಕ್ತ ತೆಗೆದರು. ಶ್ವಾಸಕೋಶದ ಡಾಕ್ಟರಮ್ಮ ತಲೆ ನರೆತವರು, ಮಾತಿನಲ್ಲಿ ಸುತ್ತುಬಳಸು ಇಲ್ಲದವರು. ಪರದೆಯ ಮೇಲೆ ಅವಳ ಎದೆಯ ಚಿತ್ರ ತೋರಿಸಿದರು. ಕೆಳಭಾಗದಲ್ಲಿ ಕಪ್ಪು ಕಪ್ಪಾದ ಖಾಲಿ ಜಾಗಗಳು.

"ಇದು ಬರೀ ಅಸ್ತಮಾ ಅಲ್ಲಮ್ಮ. ನಿಮ್ಮ ಶ್ವಾಸಕೋಶದ ಗೋಡೆಗಳೇ ಕರಗಿ ಹೋಗ್ತಿವೆ."

"ಕ್ಲೋರಿನ್ನಿಂದಾನಾ ಡಾಕ್ಟ್ರೇ?"

"ಅದು ಒಳ್ಳೇದು ಮಾಡಿಲ್ಲ, ನಿಜ. ಆದ್ರೆ ಆ ಗೋಡೆ ಕತ್ತರಿಸ್ತಿರೋದು ನಿಮ್ಮ ಮೈಯೊಳಗಿರೋದೇ." ಡಾಕ್ಟರಮ್ಮ ಕುರ್ಚಿ ಮುಂದೆ ಎಳೆದುಕೊಂಡರು. "ರಕ್ತದಲ್ಲಿ ಬಿಳಿ ಕಣಗಳಿವೆ ಅಂತ ಕೇಳಿರ್ತೀರಿ. ರೋಗಾಣು, ಹೊಗೆ, ದೂಳು, ಏನೇ ಒಳಗೆ ಬಂದ್ರೂ ಅವು ಓಡಿ ಬರ್ತವೆ. ಅವುಗಳ ಹತ್ರ ಒಂದು ಕಿಣ್ವ ಇದೆ. ಪ್ರೋಟೀನ್ ಕತ್ತರಿಸೋದೇ ಅದರ ಕೆಲಸ. ರೋಗಾಣುನ ಚೂರು ಮಾಡೋಕೆ ಅದು ಬೇಕೇ ಬೇಕು. ಆದ್ರೆ ಅದಕ್ಕೆ ನಮ್ಮೋರು, ಹೊರಗಿನೋರು ಅಂತ ಭೇದ ಇಲ್ಲ. ಶ್ವಾಸಕೋಶ ಹಿಗ್ಗಿ ಮತ್ತೆ ಕುಗ್ಗೋದು ಎಲಾಸ್ಟಿಕ್ ಥರದ ಎಳೆಗಳಿಂದ. ಅವೂ ಪ್ರೋಟೀನೇ. ಸಿಕ್ಕಿದ್ರೆ ಅವನ್ನೂ ಕತ್ತರಿಸುತ್ತೆ. ಹಳೇ ಈಜುಡುಗೆ ಜೋತು ಬೀಳಲ್ವಾ, ಹಾಗಾಗುತ್ತೆ ಎದೆ. ಗಾಳಿ ಒಳಗೆ ಹೋಗುತ್ತೆ, ವಾಪಸ್ ತಳ್ಳೋ ಬಿಗಿ ಇರಲ್ಲ."

"ಹಾಗಾದ್ರೆ ಎಲ್ಲರಿಗೂ ಹೀಗಾಗ್ಬೇಕಲ್ಲ?"

"ಎಲ್ಲರಿಗೂ ಒಂದು ಕಾವಲಿದೆ. ಲಿವರ್ರು ಇನ್ನೊಂದು ಪ್ರೋಟೀನ್ ಮಾಡಿ ರಕ್ತಕ್ಕೆ ಬಿಡುತ್ತೆ. ಅದು ಶ್ವಾಸಕೋಶಕ್ಕೆ ಬಂದು ಈ ಕಿಣ್ವದ ಬಾಯಿ ಕಟ್ಟುತ್ತೆ. ನಿಮ್ಮಲ್ಲಿ ಆ ಕಾವಲಿನ ಪ್ರೋಟೀನು ತಪ್ಪಾಗಿ ಮಡಚಿಕೊಳ್ಳುತ್ತೆ, ಲಿವರ್ರಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎದೆಗೆ ತಲುಪೋದು ಚೂರುಪಾರು. ಹುಟ್ಟಿನಿಂದ ಬಂದದ್ದು ಇದು. ಅಪ್ಪನಿಂದ ಒಂದು ಕೆಟ್ಟ ಪಾಲು, ಅಮ್ಮನಿಂದ ಒಂದು ಕೆಟ್ಟ ಪಾಲು."

ಅವಳಿಗೆ ಅಪ್ಪನ ನೆನಪಾಯಿತು. ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪ, ಐವತ್ತು ದಾಟಿದ ಮೇಲೆ ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಣ್ಣ ತಿಂದಿತು, ಬೀಡಿ ತಿಂದಿತು ಎಂದು ಊರೆಲ್ಲ ಹೇಳಿತ್ತು.

"ಹೋದ ಭಾಗ ವಾಪಸ್ ಬರಲ್ಲ," ಎಂದರು ಡಾಕ್ಟರಮ್ಮ. "ಉಳಿದಿರೋದನ್ನ ಕಾಪಾಡ್ಕೋಬೇಕು. ಔಷಧಿ ಇದೆ, ವ್ಯಾಯಾಮ ಇದೆ. ದಾನಿಗಳ ರಕ್ತದಿಂದ ತೆಗೆದ ಕಾವಲು ಪ್ರೋಟೀನನ್ನ ಡ್ರಿಪ್ಪಲ್ಲಿ ಕೊಡೋದೂ ಉಂಟು, ಅದನ್ನೂ ನೋಡೋಣ. ಕ್ಲೋರಿನ್ ಇಡೋ ರೂಮಿಗೆ ಕಾಲಿಡಬೇಡಿ. ಇನ್ನು ಆಳದ ನೀರಲ್ಲಿ ಇನ್ನೊಬ್ಬರ ಜೀವ ನಿಮ್ಮ ಕೈಲಿ ಇರೋ ಕೆಲಸ..." ಅವರು ತಲೆ ಅಲ್ಲಾಡಿಸಿದರು. "ಅಣ್ಣ ತಮ್ಮ ಯಾರಾದ್ರೂ ಇದ್ದಾರಾ?"

"ಒಬ್ಬ ತಮ್ಮ."

"ಸಿಗರೇಟು?"

"ಸೇದ್ತಾನೆ. ಮನೆಯವರು ಹೇಳಿ ಹೇಳಿ ಸಾಕಾದ್ರು."

"ಏನು ಕೆಲಸ?"

"ಫೈರ್ ಸ್ಟೇಷನ್ನಲ್ಲಿ. ಬೆಂಕಿ ಆರಿಸೋನು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೊಗೆ ಹೋದಷ್ಟೂ ಬಿಳಿ ಕಣ ಜಾಸ್ತಿ ಬರ್ತವೆ, ಕಿಣ್ವ ಜಾಸ್ತಿ ಸುರಿಯುತ್ತೆ. ಇರೋ ಚೂರು ಕಾವಲನ್ನೂ ಹೊಗೆ ಕೆಡಿಸುತ್ತೆ. ನಾಳೇನೇ ಅವನನ್ನ ಕರ್ಕೊಂಡ್ ಬನ್ನಿ."

ನಾಳೆ ಎಂದದ್ದು ಎಷ್ಟೋ ವಾರಗಳಾಯಿತು.

ಅವಳು ಹೇಳಲು ಹೋದಾಗ ತಮ್ಮ ಸ್ಟೇಷನ್ನಿನ ಅಂಗಳದಲ್ಲಿ ಹೋಸ್ ಪೈಪು ತೊಳೆಯುತ್ತಿದ್ದ. ಎತ್ತರದ ಆಳು, ಎದೆ ಉಬ್ಬಿಸಿ ನಡೆಯುವವನು. ಉರಿಯುವ ಮನೆಯೊಳಗೆ ಮೊದಲು ಕಾಲಿಡುವವನು ಅವನೇ ಎಂದು ಸ್ಟೇಷನ್ನಿನಲ್ಲಿ ಹೆಸರು. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ನಕ್ಕ.

"ನನ್ನ ಎದೆ ಕಬ್ಬಿಣ ಕಣಕ್ಕಾ. ನಿನ್ನ ಕಿಣ್ವದ ಹಲ್ಲು ಮುರಿದೀತು."

"ಒಂದು ಸಲ ರಕ್ತ ಕೊಟ್ಟು ಬಾ. ಚುಚ್ಚಿಸ್ಕೊಳ್ಳೋಕೆ ಹೆದರ್ತೀಯಾ?"

"ರಕ್ತಕ್ಕಲ್ಲ." ಅವನ ನಗು ಆರಿತು. ನಲ್ಲಿ ನಿಲ್ಲಿಸಿ ಹತ್ತಿರ ಬಂದು ದನಿ ತಗ್ಗಿಸಿದ. "ರಿಪೋರ್ಟಲ್ಲಿ ಏನಾದ್ರೂ ಬಂತು ಅಂದ್ರೆ ಆ ಕ್ಷಣವೇ ನನ್ನನ್ನ ಗಾಡಿಯಿಂದ ಇಳಿಸ್ತಾರೆ. ಮೂಲೇಲಿ ಕೂರಿಸಿ ಫೋನ್ ಎತ್ತು ಅಂತಾರೆ. ಅದಕ್ಕೆ ಹುಟ್ಟಿದ್ದೀನಾ ನಾನು?"

"ಅಪ್ಪ ಕೂತೇ ನಿದ್ದೆ ಮಾಡ್ತಿದ್ದದ್ದು ಮರೆತ್ಯಾ?"

"ಅಪ್ಪನ ಕಥೆ ಬೇರೆ. ನೋಡು, ನಮ್ಮ ಸಾಹೇಬ್ರ ಕಿವಿಗೆ ಒಂದು ಮಾತು ಬಿತ್ತೋ, ಆಮೇಲೆ ನೀನು ನನ್ನ ಅಕ್ಕ ಅಲ್ಲ, ನಾನು ನಿನ್ನ ತಮ್ಮ ಅಲ್ಲ."

ಅಷ್ಟರಲ್ಲಿ ಮಹಡಿಯಿಂದ ಯಾರೋ ಅವನನ್ನು ಕೂಗಿದರು. ಅವನು ದಡದಡ ಮೆಟ್ಟಿಲು ಹತ್ತಿದ. ಅರ್ಧಕ್ಕೆ ನಿಂತ. ಬಗ್ಗಿದ. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಸೀಟಿ ಅಕ್ಕ ಕೆಳಗೆ ನಿಂತು ನೋಡಿದಳು. ಬಿಚ್ಚುವ ಮೊದಲು ಲೇಸು ಬಿಗಿಯಾಗೇ ಇತ್ತು. ಆ ನಾಟಕ ಅವಳಿಗೆ ಗೊತ್ತಿಲ್ಲದ್ದೇ?

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಅರ್ಧ ನನ್ನಿಂದ ಬಂದದ್ದಾ?" ಎಂದು ಕೇಳಿದಳು.

"ನಿನಗೇನು ಗೊತ್ತಿತ್ತಮ್ಮ? ಯಾರಿಗೂ ಗೊತ್ತಿರಲಿಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ದನಿ ಗಡುಸಾಯಿತು. "ನೀನು ಅವರ ಸಾಹೇಬ್ರಿಗೆ ಹೇಳೇ. ಮಾತು ಬಿಟ್ರೆ ಬಿಡ್ಲಿ. ಮಾತಾಡದ ಮಗ ಇರ್ಲಿ, ಇಲ್ಲದ ಮಗ ಬೇಡ."

ಹೇಳಲೋ ಬೇಡವೋ ಎಂದು ಅವಳು ಒದ್ದಾಡಿದಳು. ಸ್ಟೇಷನ್ನಿನ ಗೇಟಿನವರೆಗೆ ಹೋಗಿ ವಾಪಸ್ ಬಂದದ್ದೂ ಆಯಿತು. ಈ ಮಧ್ಯೆ ಇನ್ನೊಂದು ಮಾತನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಈಜುಕೊಳದವರು ಕೇಳಿದಾಗ 'ಅಸ್ತಮಾ ಜಾಸ್ತಿಯಾಗಿತ್ತು, ಈಗ ವಾಸಿ' ಎಂದು ಹೇಳಿ, ಮತ್ತೆ ಆಳದ ಕಡೆಯೇ ಹೋಗಿ ನಿಂತಿದ್ದಳು. ದಿನವೂ ನೀರಿನಲ್ಲಿದ್ದ ಮಕ್ಕಳ ಟೋಪಿಗಳನ್ನು ಎಣಿಸುತ್ತಿದ್ದಳು, ಮತ್ತೆ ಎಣಿಸುತ್ತಿದ್ದಳು. ಇವತ್ತೊಂದು ದಿನ ದಾಟಲಿ ಎಂದುಕೊಳ್ಳುತ್ತಿದ್ದಳು.

ಅಂಥದೇ ಒಂದು ಮಧ್ಯಾಹ್ನ ಬೀದಿಯಲ್ಲಿ ಸೈರನ್ ಕೂಗಿತು. ಒಂದರ ಹಿಂದೆ ಒಂದು ಬೆಂಕಿ ಆರಿಸುವ ಗಾಡಿಗಳು ಹೋದವು. ಈಜುಕೊಳದ ಗಾಜಿನ ಕಿಟಕಿಯಾಚೆ ಕಪ್ಪು ಹೊಗೆ ಏಳುತ್ತಿತ್ತು. "ಹಾಸಿಗೆ ಗೋದಾಮಂತೆ, ಸ್ಪಂಜು ತುಂಬಿದ್ರಂತೆ," ಎಂದು ಯಾರೋ ಓಡುತ್ತ ಹೇಳಿದರು. ಸೀಟಿ ಅಕ್ಕ ಜೊತೆಯವಳಿಗೆ ಜಾಗ ಬಿಟ್ಟುಕೊಟ್ಟು ಹೊರಟಳು. ಓಡಲಾರಳು. ನಡೆದಳು, ನಿಂತಳು, ಗೋಡೆ ಹಿಡಿದಳು, ಮತ್ತೆ ನಡೆದಳು.

ಗೋದಾಮಿನ ಮುಂದೆ ಹಗ್ಗ ಕಟ್ಟಿದ್ದರು. ಶಟರಿನ ಸಂದಿಯಿಂದ ಹೊಗೆ ಕೊಳಚೆ ನೀರಿನ ಹಾಗೆ ಹೊರಗೆ ಹರಿಯುತ್ತಿತ್ತು. ಒಳಗೆ ಇಬ್ಬರು ಕೆಲಸಗಾರರು ಸಿಕ್ಕಿಕೊಂಡಿದ್ದಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಸಿಲಿಂಡರ್ ಬೆನ್ನಿಗೇರಿಸಿ, ಮಾಸ್ಕು ಬಿಗಿದು ಮೂವರು ಒಳಗೆ ಹೋದರು. ಮುಂದೆ ಹೋದವನ ಎತ್ತರ ನೋಡಿಯೇ ಅವಳಿಗೆ ಗೊತ್ತಾಯಿತು.

ಕಾಯುವುದೊಂದೇ ಉಳಿದದ್ದು. ಅವಳು ಹಗ್ಗ ಹಿಡಿದು ನಿಂತಳು. ಒಳಗೆ ಏನೋ ಕುಸಿದು ಬಿದ್ದ ಸದ್ದಾಯಿತು. ಜನ ಹೋ ಎಂದರು. ಒಬ್ಬ ಕೆಲಸಗಾರನನ್ನು ಹೊತ್ತು ತಂದರು. ಆಮೇಲೆ ಇನ್ನೊಬ್ಬ, ತಮ್ಮನ ಹೆಗಲ ಮೇಲೆ. ತಮ್ಮನ ಮುಖದಲ್ಲಿ ಮಾಸ್ಕಿರಲಿಲ್ಲ. ಅದು ಆ ಕೆಲಸಗಾರನ ಮುಖಕ್ಕೆ ಹೋಗಿತ್ತು.

ಜನ ಚಪ್ಪಾಳೆ ತಟ್ಟಿದರು. ತಮ್ಮ ಹೊತ್ತವನನ್ನು ಇಳಿಸಿ, ಯಾರ ಕಣ್ಣಿಗೂ ಬೀಳದ ಹಾಗೆ ಗಾಡಿಯ ಹಿಂದೆ ಸರಿದ. ಅಕ್ಕ ಹಗ್ಗದ ಕೆಳಗೆ ನುಸುಳಿ ಅಲ್ಲಿಗೆ ಹೋದಳು. ಅವನು ಚಕ್ರಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಕೈ ಲೇಸಿನ ಮೇಲಿತ್ತು. ಕಟ್ಟುವ ಶಕ್ತಿ ಇರಲಿಲ್ಲ. ತುಟಿ ಮಸಿಯ ಮಧ್ಯೆಯೂ ನೀಲಿಯಾಗಿ ಕಾಣುತ್ತಿತ್ತು.

ಅವಳು ಅವನ ಬೆನ್ನು ನೀವಿದಳು. "ತುಟಿ ಚೂಪು ಮಾಡಿ, ಸಣ್ಣಗೆ ಊದು. ನಿಧಾನಕ್ಕೆ. ಮೊದಲು ಹೊರಗೆ ಬಿಡು. ಒಳಗೆಳೀಬೇಡ, ಹೊರಗೆ ಬಿಡು."

ಬಹಳ ಹೊತ್ತಿನ ಮೇಲೆ ಅವನಿಗೆ ಮಾತು ಬಂತು. "ಯಾರಿಗೂ... ಹೇಳಬೇಡ."

"ಇವತ್ತು ಹೇಳ್ತೀನಿ. ಈಗಲೇ ಹೋಗಿ ನಿಮ್ಮ ಸಾಹೇಬ್ರಿಗೆ ಹೇಳ್ತೀನಿ. ಒಳಗೆ ನೀನೇ ಬಿದ್ದಿದ್ರೆ ಆ ಮನುಷ್ಯನ್ನ ಯಾರು ಹೊರ್ತಿದ್ರು? ನಿನ್ನ ಜೊತೆ ಬಂದೋರ ಗತಿ?"

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಕಣ್ಣು ಕೆಂಡದ ಹಾಗಿತ್ತು. "ನೀನು ಬೆಳಿಗ್ಗೆಯಿಂದ ಎಲ್ಲಿ ನಿಂತಿದ್ದೆ?"

ಅವಳ ಕೈ ಕೊರಳಿನ ಸೀಟಿಯ ಮೇಲೆ ಹೋಯಿತು.

"ಆಳದ ಕಡೆ ತಾನೆ? ಅಮ್ಮ ಹೇಳಿದ್ಲು, ದಿನಾ ಹೋಗ್ತಾಳೆ ಅಂತ. ಇನ್ನೊಂದು ಮಗು ಮುಳುಗಿದ್ರೆ ಯಾರು ಎತ್ತೋರು? ನನಗೆ ಬುದ್ಧಿ ಹೇಳೋಕೆ ಬಂದ್ಯಲ್ಲ."

ಕೆನ್ನೆಗೆ ಬಾರಿಸಿದ ಹಾಗಾಯಿತು. ಸುತ್ತ ನೀರು ಚಿಮ್ಮುತ್ತಿತ್ತು, ಜನ ಕೂಗುತ್ತಿದ್ದರು. ಅವಳಿಗೆ ಒಂದೂ ಕೇಳಿಸಲಿಲ್ಲ. ಎದ್ದಳು. ಸಾಹೇಬರ ಹತ್ತಿರ ಹೋಗಲಿಲ್ಲ. ಸೀದಾ ವಾಪಸ್ ನಡೆದಳು.

ಈಜುಕೊಳದ ಮೇಲ್ವಿಚಾರಕ ಕಿಟಕಿ ಮುಚ್ಚುತ್ತಿದ್ದ. ಅವಳು ಕೊರಳಿನಿಂದ ಸೀಟಿ ತೆಗೆದು ಅವನ ಮೇಜಿನ ಮೇಲಿಟ್ಟಳು. "ನಾನು ಸುಳ್ಳು ಹೇಳಿದ್ದೆ ಸಾರ್. ನನ್ನ ಶ್ವಾಸಕೋಶ ಅರ್ಧ ಹೋಗಿದೆ. ಆಳದ ಕಡೆ ನನ್ನನ್ನ ನಿಲ್ಲಿಸಬೇಡಿ." ಹೇಳುವ ತನಕ ಗಟ್ಟಿಯಾಗಿದ್ದಳು. ಹೇಳಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಆ ಮನುಷ್ಯ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆ ಹುಡುಗೀನ ಹೊರಗೆ ತಂದದ್ದು ಅರ್ಧ ಶ್ವಾಸಕೋಶದಲ್ಲಾ?" ಎಂದು ಮಾತ್ರ ಕೇಳಿ, ನೀರು ತಂದುಕೊಟ್ಟ.

ಹೊರಗೆ ಬಂದು ತಮ್ಮನಿಗೆ ಫೋನು ಮಾಡಿದಳು. "ನಂದು ನಾನು ಹೇಳಿ ಬಂದೆ. ನಿಂದು ನೀನೇ ನೋಡ್ಕೋ. ನಾನು ಯಾರ ಹತ್ರಾನೂ ಹೋಗಲ್ಲ." ಆ ಕಡೆಯಿಂದ ಉಸಿರಾಟ ಕೇಳಿಸಿತು. ಆಮೇಲೆ ಫೋನು ಕಟ್ ಆಯಿತು.

ಎಷ್ಟೋ ದಿನ ಸುದ್ದಿಯಿಲ್ಲ. ಸೈರನ್ ಕೂಗಿದಾಗಲೆಲ್ಲ ಅಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಸೀಟಿ ಅಕ್ಕ ಒಳಗೇ ಕೂತು ಗೋಡೆ ನೋಡುತ್ತಿದ್ದಳು. ಸಾಹೇಬರಿಗೆ ಹೇಳಿಬಿಡಬೇಕಿತ್ತೇನೋ ಎಂದುಕೊಳ್ಳುತ್ತಿದ್ದಳು.

ಒಂದು ದಿನ ಅವಳು ತನ್ನ ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ, ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ತಮ್ಮ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ತೊಡೆಯ ಮೇಲೆ ಪುಟ್ಟ ಮಗಳು. ಮಗು "ಅತ್ತೇ!" ಎಂದು ಓಡಿಬಂತು. ತಮ್ಮ ಗೋಡೆಯ ಕಡೆ ನೋಡುತ್ತ, "ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತಾ ನೋಡೋಣ ಅಂತ ಬಂದೆ," ಎಂದ. ಅವಳು ಪಕ್ಕ ಕೂತಳು.

ಎಲ್ಲರ ರಕ್ತವೂ ಪರೀಕ್ಷೆಗೆ ಹೋಯಿತು. ಅಮ್ಮನದೂ. ತಮ್ಮನ ಎದೆಯ ಸ್ಕ್ಯಾನೂ ಆಯಿತು. ರಿಪೋರ್ಟು ಬರುವ ತನಕ ಎರಡೂ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ಫೋನು ಬಡಿದುಕೊಂಡರೆ ಸಾಕು, ಎಲ್ಲರ ಕೈಯೂ ಅರ್ಧದಲ್ಲಿ ನಿಲ್ಲುತ್ತಿತ್ತು.

ಡಾಕ್ಟರಮ್ಮ ಮೊದಲು ಮಗುವಿನದೇ ಹೇಳಿದರು. ಕೆಟ್ಟ ಪಾಲು ಒಂದು ಮಾತ್ರ ಬಂದಿದೆ, ಅಜ್ಜಿಗಿರುವ ಹಾಗೆ. ಇನ್ನೊಂದು ಪಾಲು ಸರಿಯಿದೆ, ಕಾವಲು ಸಾಕಷ್ಟಿದೆ. ಜನ್ಮದಲ್ಲಿ ಸಿಗರೇಟು ಮುಟ್ಟಬಾರದು, ಅಷ್ಟೇ. ತಮ್ಮನ ಹೆಂಡತಿ ಮಗುವನ್ನು ಅಪ್ಪಿಕೊಂಡು ಬಿಕ್ಕಿದಳು.

"ನಂದು?" ಎಂದ ತಮ್ಮ.

"ನಿಮ್ಮದು ಅಕ್ಕನ ಹಾಗೇ. ಎರಡೂ ಪಾಲು ಕೆಟ್ಟದ್ದೇ. ಆದ್ರೆ ಎದೆ ಅಕ್ಕನದಷ್ಟು ಹಾಳಾಗಿಲ್ಲ. ಉಳಿಸ್ಕೊಳ್ಳೋಕೆ ಬೇಕಾದಷ್ಟಿದೆ."

"ಬೆಂಕಿ ಕೆಲಸ?"

"ಸಿಗರೇಟು ಇವತ್ತೇ ಬಿಡಿ. ಹೊಗೆಯೊಳಗೆ ಇನ್ನು ಹೋಗಕೂಡದು."

ಅವನು ಎದ್ದು ಬಾಗಿಲು ದೂಡಿ ಹೊರಟುಹೋದ. ಅಕ್ಕ ಹಿಂದೆಯೇ ಹೊರಟಳು. ಹಿಡಿಯಲು ಅವಳ ಕೈಲಾಗಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ನಿಂತು ಸರಳು ಹಿಡಿದುಕೊಂಡಳು. ಕೆಳಗೆ ಅವನ ಬೂಟಿನ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ಇಣುಕಿ ನೋಡಿದಳು. ಈ ಸಲ ಅವನು ಲೇಸಿಗೆ ಕೈಹಾಕಿರಲಿಲ್ಲ. ಸುಮ್ಮನೆ ಮೆಟ್ಟಿಲ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಏದುಸಿರು ಬಿಡುತ್ತ, ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವಳು ಒಂದೊಂದೇ ಮೆಟ್ಟಿಲು ಇಳಿದು ಹೋಗಿ ಅವನ ಪಕ್ಕ ಕೂತಳು. ಹತ್ತಿ ಇಳಿಯುವವರು ಇಬ್ಬರನ್ನೂ ಬಳಸಿಕೊಂಡು ಹೋದರು.

ಸಾಹೇಬರಿಗೆ ಅವನೇ ಹೇಳಿದ. ಅವನು ಹೆದರಿದ ಹಾಗೇ ಆಯಿತು: ಗಾಡಿಯಿಂದ ಇಳಿಸಿ ಫೋನಿನ ಮುಂದೆ ಕೂರಿಸಿದರು. ಮೊದಮೊದಲು ಅಲ್ಲಿಂದ ಬಂದವನು ಯಾರು ಸಿಕ್ಕಿದರೂ ಅವರ ಮೇಲೆ ಹರಿಹಾಯುತ್ತಿದ್ದ. ಸಿಗರೇಟು ಬಿಟ್ಟ, ಮತ್ತೆ ಹಿಡಿದ, ಹೆಂಡತಿಯ ಕೈಗೆ ಸಿಕ್ಕಿಬಿದ್ದ, ಮತ್ತೆ ಬಿಟ್ಟ. ಅಕ್ಕನ ಜೊತೆ ಒಂದಷ್ಟು ಕಾಲ ಮಾತೂ ನಿಂತಿತು. ಅವಳಿಗೂ ಸುಲಭವೇನಾಗಿರಲಿಲ್ಲ. ಈಗ ಅವಳು ಸೊಂಟದಷ್ಟು ನೀರಿನ ಕಡೆ, ದಡದ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಕಾಲು ಬಡಿಯುವುದನ್ನು ಹೇಳಿಕೊಡುತ್ತಾಳೆ. ಆಳದ ಕಡೆ ಬೇರೊಬ್ಬಳು ನಿಲ್ಲುತ್ತಾಳೆ. ಮೊದಲ ದಿನಗಳಲ್ಲಿ ಆ ಕಡೆ ಕಣ್ಣು ಹಾಯಿಸಲೂ ಆಗುತ್ತಿರಲಿಲ್ಲ.

ದಿನಾ ನಡೆಯಬೇಕು ಎಂದು ಡಾಕ್ಟರಮ್ಮ ಇಬ್ಬರಿಗೂ ಕಟ್ಟುನಿಟ್ಟಾಗಿ ಹೇಳಿದ್ದರು. ಒಂದು ಬೆಳಿಗ್ಗೆ ತಮ್ಮ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. "ನಡಿ, ಒಬ್ಬನೇ ಹೋದ್ರೆ ಪೆಟ್ಟಿಗೆ ಅಂಗಡಿ ಹತ್ರ ಕಾಲು ನಿಂತುಬಿಡುತ್ತೆ," ಎಂದ. ಅಮ್ಮನೂ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಕ್ಕ ತಮ್ಮ ನಿಧಾನಕ್ಕೆ ಹೆಜ್ಜೆ ಹಾಕುತ್ತ, ಮಾತಿಗೆ ಉಸಿರು ಉಳಿಸಿಕೊಳ್ಳುತ್ತ ನಡೆಯುತ್ತಿದ್ದರು. ಎಪ್ಪತ್ತು ದಾಟಿದ ಅಮ್ಮ ಆಗಲೇ ಬೀದಿಯ ತಿರುವು ಮುಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ರೋ ಅದು, ಮೆರವಣಿಗೇಲಿ ಬರ್ತಿದೀರಾ?"

"ನಗಿಸಬೇಡಮ್ಮ," ಎಂದ ತಮ್ಮ, ಕೈಯೆತ್ತಿ. "ಉಸಿರು ಖರ್ಚಾಗುತ್ತೆ."